ಬಟನ್ ಒತ್ತುವವರ ಕೈಗುಣ

ಕಷ್ಟಪಟ್ಟು ಓದಿದರೆ ಯಾರು ಬೇಕಾದರೂ ಡಾಕ್ಟರಾಗಬಹುದು. ಆದರೆ ನಮ್ಮ ಅರಸೀಕೆರೆ ಸೀಮೆಯಲ್ಲಿ ಡಾಕ್ಟರಾಗಿ ಉಳಿಯಬೇಕಾದರೆ ಓದೊಂದೇ ಸಾಲದು, ಕೈಗುಣ ಇರಬೇಕು. ಇದನ್ನು ಯಾವ ಮೆಡಿಕಲ್ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ; ಪರೀಕ್ಷೆಯಲ್ಲಿ ಕೇಳಿದ್ದರೆ ನಾನಂತೂ ಇವತ್ತಿಗೂ ಪಾಸಾಗುತ್ತಿರಲಿಲ್ಲ. ನನ್ನ ಕ್ಲಿನಿಕ್ಕಿನ ಗೋಡೆಗೆ ಪದವಿ ಪತ್ರವನ್ನು ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಇಷ್ಟು ವರ್ಷಗಳಲ್ಲಿ ಅದರೆದುರು ನಿಂತವರು ಯಾರಾದರೂ ಇದ್ದರೆ ಅದು ತಲೆ ಬಾಚಿಕೊಳ್ಳುವುದಕ್ಕೆ. ಗಂಡಸಿ ಊರಿನಿಂದ ಬಂದು ಬಸ್ಸಿಳಿದವರಾಗಲಿ, ರೈಲ್ವೆ ಸ್ಟೇಷನ್ನಿನಿಂದ ಆಟೋ ಹತ್ತಿದವರಾಗಲಿ, ಹೊರಗಿನ ಬೆಂಚಿನ ಮೇಲೆ ಕೂತು ಪಕ್ಕದವರನ್ನು ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರ ಕೈಗುಣ ಹೆಂಗೈತೆ?" ಪಕ್ಕದವರು "ಚೆನ್ನಾಗೈತೆ" ಅಂದರೆ ಅರ್ಧ ಜ್ವರ ಬೆಂಚಿನ ಮೇಲೇ ಇಳಿದುಹೋಗುತ್ತದೆ. ಉಳಿದರ್ಧಕ್ಕೆ ಮಾತ್ರ ಒಳಗೆ ಬರುತ್ತಾರೆ.

ನನಗೆ ಈ ಕೈಗುಣ ಬಂದದ್ದು ಬಿಕ್ಕಳಿಕೆಯಿಂದ. ಬೋರ್ಡು ಹಾಕಿದ ಹೊಸತು. ಕಣಕಟ್ಟೆಯ ಗಂಗಮ್ಮ ಎಂಬ ಅಜ್ಜಿಯೊಬ್ಬರು ಬಿಕ್ಕಳಿಸುತ್ತ ಬಂದು ಕೂತರು. ಬೆಳಗಿನಿಂದ ನಿಂತಿಲ್ಲವಂತೆ. ನೀರು ಕುಡಿದದ್ದಾಯಿತು, ಸಕ್ಕರೆ ತಿಂದದ್ದಾಯಿತು, ಮನೆಯವರೆಲ್ಲ ಸರದಿಯ ಮೇಲೆ ಬಾಗಿಲ ಸಂದಿಯಿಂದ ಹಾರಿ ಹೆದರಿಸಿದ್ದೂ ಆಯಿತು. ನಾನು ಗಂಭೀರವಾಗಿ ನಾಡಿ ನೋಡಿ, ಚೀಟಿ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದೆ. ಬಿಕ್ಕಳಿಕೆ ನಿಂತುಬಿಟ್ಟಿತು! ನಾನಿನ್ನೂ ಅವರ ಹೆಸರನ್ನೂ ಬರೆದಿರಲಿಲ್ಲ. ಬಿಕ್ಕಳಿಕೆ ತಾನಾಗಿ ಬಂದು ತಾನಾಗಿ ಹೋಗುವಂಥದ್ದು, ನನ್ನದೇನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಗಮ್ಮ ಆ ಖಾಲಿ ಚೀಟಿಯನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡು, "ಏನ್ ಕೈಯಪ್ಪಾ ನಿಂದು! ಪೆನ್ ಹಿಡಿದ್ರೆ ಸಾಕು, ಕಾಯಿಲೆ ಹೆದರ್ಕಂಡು ಓಡ್ತೈತೆ" ಅಂದರು. ಯಾವ ಪ್ರಾಧ್ಯಾಪಕರೂ ನನಗೆ ಹೀಗೆ ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನಾದೆ.

ಆಮೇಲೆ ನನ್ನ ಚೀಟಿಗೆ ಬಂದ ಮರ್ಯಾದೆಯನ್ನು ಏನು ಹೇಳಲಿ. ಜನ ಅದನ್ನು ಕಣ್ಣಿಗೊತ್ತಿಕೊಳ್ಳದೆ ಜೇಬಿಗಿಡುತ್ತಿರಲಿಲ್ಲ. ಕೆಲವರು ಮಾತ್ರೆ ತಗೊಳ್ಳದೆ ಚೀಟಿಯನ್ನಷ್ಟೇ ದಿಂಬಿನ ಕೆಳಗಿಟ್ಟುಕೊಂಡು ಮಲಗಿ ವಾಸಿಯಾಗಿ ಬಂದು, ಅದೇ ಚೀಟಿಯನ್ನು ಮೈದುನನಿಗೂ ಕೊಟ್ಟಿದ್ದಾಗಿ ಹೇಳುತ್ತಿದ್ದರು. ಕೈಗುಣದ ಕೀರ್ತಿ ಕ್ಲಿನಿಕ್ ದಾಟಿ ತೋಟಗಳಿಗೂ ಹೋಯಿತು. ಹೊಸದಾಗಿ ತೆಂಗಿನ ತೋಟ ಎಬ್ಬಿಸುವವರು ಮೊದಲನೇ ಸಸಿಯನ್ನು ನನ್ನ ಕೈಯಿಂದಲೇ ನೆಡಿಸಬೇಕೆಂದು ಬಂದು ಕರೆದೊಯ್ಯುತ್ತಿದ್ದರು. ನಾನು ಪ್ಯಾಂಟು ಮಡಿಚಿಕೊಂಡು ಗುಂಡಿಯಲ್ಲಿ ಸಸಿ ಇಟ್ಟು ಮಣ್ಣೆಳೆದು ಒಂದು ಎಳನೀರು ಕುಡಿದು ಬರುತ್ತಿದ್ದೆ. ಕಣಕಟ್ಟೆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ "ಅದು ನಾನು ನೆಟ್ಟದ್ದು" ಎಂದು ನನ್ನ ಹೆಂಡತಿ ವಿಶಾಲಾಕ್ಷಿಗೆ ತೋರಿಸುವುದು ನನ್ನ ಚಾಳಿ. ಅವಳು ಕಿಟಕಿಯ ಕಡೆ ತಿರುಗಿಯೂ ನೋಡದೆ "ಗೊತ್ರೀ, ಹೋದ ಸಲವೂ ಹೇಳಿದ್ರಿ" ಅನ್ನುತ್ತಾಳೆ.

ಹೀಗೆ ಸುಖವಾಗಿದ್ದ ನನ್ನ ಕೈಗೆ ಸರ್ಕಾರದ ಕಣ್ಣು ತಾಗಿತು. ಹಾಸನದಲ್ಲಿ ಡಾಕ್ಟರುಗಳ ಸಭೆ ಕರೆದಿದ್ದರು. ಇಂಥ ಸಭೆಗಳಿಗೆ ನಾನು ಹೋಗುವುದು ಉಪ್ಪಿಟ್ಟು ಕೇಸರಿಬಾತಿಗಾಗಿ ಎಂಬುದನ್ನು ಮುಚ್ಚಿಡುವುದಿಲ್ಲ. ಅವತ್ತು ಕೇಸರಿಬಾತು ಚೆನ್ನಾಗಿದ್ದುದರಿಂದ ಭಾಷಣವನ್ನೂ ಕೇಳಿಸಿಕೊಂಡೆ. ಮಿರುಗುವ ಬೂಟು ಹಾಕಿದ್ದ ಅಧಿಕಾರಿಯೊಬ್ಬರು ಪರದೆಯ ಮೇಲೆ ಚಿತ್ರ ಬಿಡುತ್ತ, ಇನ್ನು ಮುಂದೆ ಔಷಧಿ ಚೀಟಿಯನ್ನು ಕೈಯಲ್ಲಿ ಬರೆಯದೆ ಕಂಪ್ಯೂಟರಿನಲ್ಲಿ ಮಾಡಿ ರೋಗಿಯ ಫೋನಿಗೆ ಕಳಿಸುವ ಡಾಕ್ಟರುಗಳಿಗೆ ಸರ್ಕಾರದಿಂದ ಪ್ರೋತ್ಸಾಹಧನ ಉಂಟು ಎಂದರು. ಅಕ್ಷರ ಅರ್ಥವಾಗದೆ ಆಗುವ ತಪ್ಪುಗಳು ತಪ್ಪುತ್ತವೆ, ಹಳೇ ಚೀಟಿ ಕಳೆದುಹೋಗುವುದಿಲ್ಲ ಎಂದೆಲ್ಲ ವಿವರಿಸಿದರು. ಎಲ್ಲ ನಿಜವೇ. ಆದರೆ ಕೊನೆಗೊಂದು ಷರತ್ತು ಸೇರಿಸಿದರು: ಕೈಯಲ್ಲಿ ಬರೆದ ಚೀಟಿ ಲೆಕ್ಕಕ್ಕಿಲ್ಲ. "ಕೈಯ ಕೆಲಸ ಮುಗೀತು ಸಾರ್, ಇನ್ನು ಬಟನ್ ಒತ್ತಿದರೆ ಆಯ್ತು" ಎಂದು ನಕ್ಕರು. ನಾನೂ ನಕ್ಕೆ. ನನ್ನ ಬದುಕೇ ಕೈಯ ಮೇಲೆ ನಿಂತಿದೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಮನೆಗೆ ಬಂದು ವಿಷಯ ಹೇಳಿದಾಗ ವಿಶಾಲಾಕ್ಷಿ ಆ ದುಡ್ಡಿಗೆ ಆಗಲೇ ಒಂದು ದಾರಿ ಹುಡುಕಿದಳು. ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ನಾವು ಬೇಲೂರು ಹಳೇಬೀಡಿಗೆ ಕಳಿಸಿಕೊಡುತ್ತೇವೆ. ಬುತ್ತಿ ಕಟ್ಟಿಕೊಡುತ್ತೇವೆ, ಯಾವ ಶಿಲಾಬಾಲಿಕೆಯನ್ನು ತಪ್ಪದೆ ನೋಡಬೇಕೆಂದೂ ಹೇಳುತ್ತೇವೆ. ಆದರೆ ಮದುವೆಯಾದಾಗಿನಿಂದ ನಾವಿಬ್ಬರೂ ಒಟ್ಟಿಗೆ ಒಂದು ಸಲವೂ ಹೋಗಿಲ್ಲ. ಇಲ್ಲೇ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು ಎಂಬುದು ನನ್ನ ವಾದ. "ಆ ದುಡ್ಡು ಬಂದ ದಿನ ಕ್ಲಿನಿಕ್ಕಿಗೆ ಬೀಗ ಹಾಕಿ ಬೇಲೂರಿಗೆ ಹೋಗೋದು. ಕಾರು ಮಾಡಿಕೊಂಡು, ಹೋಟೆಲ್ ಊಟ. ನೀವು ಈಗಲೇ ಹೂಂ ಅನ್ನಿ" ಎಂದಳು. ಅಂದೆ.

ಕಂಪ್ಯೂಟರು ಬಂತು. ಮೊದಲ ದಿನ ಬೋಣಿಗೆಗೆ ಗಂಗಮ್ಮನೇ ಬಂದದ್ದು ನನ್ನ ಅದೃಷ್ಟವೋ ದುರದೃಷ್ಟವೋ. ಈ ಸಲ ಹೊಟ್ಟೆ ಕಟ್ಟಿಕೊಂಡಿತ್ತು. ನಾನು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕತೊಡಗಿದೆ. ಕೀಲಿಮಣೆಯಲ್ಲಿ ಅಕ್ಷರಗಳನ್ನು ಯಾಕೆ ಹಾಗೆ ಚೆಲ್ಲಾಪಿಲ್ಲಿ ಮಾಡಿಟ್ಟಿದ್ದಾರೋ, ಒಂದು ಸಿಕ್ಕಿದರೆ ಇನ್ನೊಂದು ಬಚ್ಚಿಟ್ಟುಕೊಳ್ಳುತ್ತದೆ. ಗಂಗಮ್ಮ ಸ್ವಲ್ಪ ಹೊತ್ತು ನೋಡಿ, "ಏನ್ ಕಳ್ಕಂಡ್ರಿ ಡಾಕ್ಟ್ರೇ? ನಾನೂ ಹುಡುಕ್ಲಾ?" ಎಂದು ಕನ್ನಡಕ ಹಾಕಿಕೊಂಡು ಬಗ್ಗಿದರು. ಅಂತೂ ಇಂತೂ ಮುಗಿಸಿ ಬಟನ್ ಒತ್ತಿ, "ಆಯ್ತು ಗಂಗಮ್ಮ, ಹೋಗಿಬನ್ನಿ" ಎಂದೆ.

"ಚೀಟಿ?"

"ಫೋನಿಗೆ ಹೋಗಿದೆ."

"ನೀವೇನೂ ಬರೀಲೇ ಇಲ್ವಲ್ಲ?"

"ಅದೇ ಬರೆಯಿತು."

ಗಂಗಮ್ಮ ಕಂಪ್ಯೂಟರನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಕೈಯನ್ನು ನೋಡಿದರು. "ಕೈಗೆ ಏನಾಗೈತೆ ಸ್ವಾಮಿ? ಉಳುಕೈತಾ?" ಎಂದು ಕನಿಕರದಿಂದ ಕೇಳಿದರು. ಇಷ್ಟಾದರೆ ಪರವಾಗಿರಲಿಲ್ಲ. ಅವರು ಕೊಟ್ಟಿದ್ದ ಫೋನ್ ನಂಬರು ಕಡೂರಿನಲ್ಲಿರುವ ಅಳಿಯನದು. ಅವತ್ತು ಅಳಿಯನ ಮನೆಯಲ್ಲಿ ನಾಮಕರಣ; ಹೊಟ್ಟೆಯ ದೆಸೆಯಿಂದ ಗಂಗಮ್ಮ ಹೋಗಿರಲಿಲ್ಲ. ಅತ್ತೆಗೆ ಹೊಟ್ಟೆ ಕಟ್ಟಿರುವ ಸಮಾಚಾರವನ್ನು ಊಟದ ಪಂಕ್ತಿಯಲ್ಲಿ ಕೂತಿದ್ದ ಬೀಗರೆಲ್ಲ ಒಬ್ಬರ ಕೈಯಿಂದ ಒಬ್ಬರು ಫೋನು ತಗೊಂಡು ಓದಿದರಂತೆ. ಅಜ್ಜಿ ಆಮೇಲೆ ಬಂದು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಂದಿನಿಂದ ಪ್ರತಿಯೊಬ್ಬರನ್ನೂ ಇದು ನಿಮ್ಮದೇ ಫೋನಾ ಎಂದು ಕೇಳಿ ಖಾತ್ರಿ ಮಾಡಿಕೊಂಡೆ. ಆದರೆ ಕಣಕಟ್ಟೆ ಬಸ್ಸಿನಲ್ಲಿ ಸುದ್ದಿ ಆಗಲೇ ಹೊರಟುಹೋಗಿತ್ತು: ಡಾಕ್ಟ್ರು ಬರೆಯೋದು ಬಿಟ್ಟವ್ರೆ, ಕೈಗುಣ ಹೋಗಿರ್ಬೇಕು.

ಇದು ತಮಾಷೆಯ ಮಾತಾಗಿ ಉಳಿಯಲಿಲ್ಲ. ನಾನು ಕೊಟ್ಟ ಮಾತ್ರೆಗಳೇ ಕೆಲಸ ಮಾಡುತ್ತಿಲ್ಲವೆಂದು ದೂರು ಬರತೊಡಗಿತು. ಅದೇ ಮಾತ್ರೆ, ಅದೇ ಕಂಪನಿ, ಅದೇ ಮೆಡಿಕಲ್ ಸ್ಟೋರು. "ತಗಂಡ್ರೆ ತಗಂಡಂಗೇ ಇಲ್ಲ" ಎನ್ನುತ್ತಾರೆ. ಕೆಲವರು ಬಟನ್ ಒತ್ತಿದ ಮೇಲೆ ತಮ್ಮ ಫೋನನ್ನು ನನ್ನತ್ತ ಚಾಚಿ "ಒಂದ್ಕಿತ ಮುಟ್ಟಿಕೊಡಿ" ಅನ್ನುತ್ತಿದ್ದರು. ನಾನು ಮುಟ್ಟಿಕೊಡುತ್ತಿದ್ದೆ. ಮುಟ್ಟಿದ ರಭಸಕ್ಕೆ ಒಬ್ಬರ ಫೋನಿನಿಂದ ಅವರ ಷಡ್ಡಕನಿಗೆ ಕರೆ ಹೋಗಿ, ಮಾತು ಬಿಟ್ಟಿದ್ದ ಇಬ್ಬರೂ ನನ್ನ ಎದುರೇ ರಾಜಿಯಾದರು. ಅದೊಂದು ಒಳ್ಳೆಯದಾಯಿತು ಅನ್ನಿ. ಕಂಪ್ಯೂಟರಿನ ಜೊತೆಗೆ ಕೈಯಲ್ಲೂ ಬರೆದುಕೊಟ್ಟು ನೋಡಿದೆ. ಗಂಡಸಿಯ ಒಬ್ಬರು ಫೋನು ತೋರಿಸಿ ಒಂದು ಬಾಟಲಿ, ಚೀಟಿ ತೋರಿಸಿ ಇನ್ನೊಂದು ಬಾಟಲಿ ಕೆಮ್ಮಿನ ಔಷಧಿ ಕೊಂಡು ಬಂದು, "ಯಾವುದು ಬೆಳಿಗ್ಗೆ, ಯಾವುದು ಸಂಜೆ?" ಎಂದು ಕೇಳಿದಾಗ ಒಂದು ಬಾಟಲಿಯನ್ನು ಕಿತ್ತಿಟ್ಟುಕೊಂಡೆ. ಅಲ್ಲಿಗೆ ಪೆನ್ನನ್ನು ಡ್ರಾಯರಿನೊಳಗಿಟ್ಟುಬಿಟ್ಟೆ.

ನನ್ನ ಒಂಟಿ ಬೆರಳಿನ ವೇಗಕ್ಕೆ ಬೆಂಚಿನ ಮೇಲೆ ಜನ ತೂಕಡಿಸುತ್ತಿದ್ದರು. ಕ್ಲಿನಿಕ್ ಕೆಳಗೆ, ಮನೆ ಮೇಲೆ. ಒಂದು ದಿನ ಊಟಕ್ಕೆ ಕರೆದು ಕರೆದು ಸಾಕಾಗಿ ವಿಶಾಲಾಕ್ಷಿ ಕೆಳಗಿಳಿದು ಬಂದಳು. ಅವಳು ಹುಡುಗಿಯಾಗಿದ್ದಾಗ ಟೈಪಿಂಗ್ ಸೀನಿಯರ್ ಪಾಸು ಮಾಡಿದವಳು. ಇಷ್ಟು ವರ್ಷ ಆ ವಿದ್ಯೆ ಬಟಾಣಿ ಸುಲಿಯುವುದರಲ್ಲಿ ಮಾತ್ರ ಬಳಕೆಯಾಗುತ್ತಿತ್ತು. "ಸರೀರಿ ಆ ಕಡೆ, ನೀವು ಹೇಳಿ, ನಾನು ಹೊಡೀತೀನಿ" ಎಂದು ಕೂತಳು. ನಾನು ಪರೀಕ್ಷೆ ಮಾಡಿ ಔಷಧಿ ಹೇಳುವುದು, ಅವಳು ಹೊಡೆಯುವುದು, ಪರದೆಯ ಮೇಲೆ ಬಂದದ್ದನ್ನು ನಾನು ಓದಿ ಸರಿ ಅನ್ನುವುದು, ಅವಳು ಬಟನ್ ಒತ್ತುವುದು. ಬೆಂಚು ಖಾಲಿಯಾಯಿತು, ಬಿಸಿ ಊಟವೂ ಸಿಕ್ಕಿತು. ಮಾರನೆಯ ದಿನದಿಂದ ಅವಳ ಕುರ್ಚಿ ನನ್ನ ಪಕ್ಕದಲ್ಲೇ ಖಾಯಂ ಆಯಿತು.

ಒಂದು ವಾರ ಕಳೆದಿರಬಹುದು. ಗಂಗಮ್ಮ ಒಂದು ಗೊನೆ ಎಳನೀರು ಹೊರಿಸಿಕೊಂಡು ಬಂದರು. ನಾನು ಸಂಕೋಚದಿಂದ "ಯಾಕೆ ಗಂಗಮ್ಮ ಇದೆಲ್ಲ" ಎನ್ನುತ್ತ ಎದ್ದೆ. ಅಜ್ಜಿ ನನ್ನನ್ನು ಸುತ್ತುಹಾಕಿಕೊಂಡು ಹೋಗಿ ವಿಶಾಲಾಕ್ಷಿಯ ಎದುರು ನಿಂತು, "ತಗಳವ್ವ. ಮಂಡಿನೋವು ಮಾಯ ಆಗೋತು. ಮೊನ್ನೆ ನೀನು ಟಣ್ ಅಂತ ಒತ್ತಿದ್ದೇ ತಡ, ಮಂಡಿ ಒಳಗೆ ಏನೋ ಸಡ್ಲ ಆದಂಗಾತು. ಏನ್ ಕೈಯವ್ವಾ ನಿಂದು!" ಅಂದರು. ಮಾತು ಅದೇ, ಧಾಟಿ ಅದೇ, ಕೈ ಮಾತ್ರ ಬೇರೆ. ವಿಶಾಲಾಕ್ಷಿ "ನನ್ನದೇನಿದೆ ಅಜ್ಜಿ, ಔಷಧಿ ಇವರು ಹೇಳಿದ್ದು" ಎಂದು ನನ್ನತ್ತ ಕೈ ತೋರಿಸಿದಳು. ಗಂಗಮ್ಮ ನನ್ನನ್ನೊಮ್ಮೆ ನೋಡಿ, "ಹೇಳೋದು ಬಿಡವ್ವ, ಯಾರು ಬೇಕಾದ್ರೂ ಹೇಳ್ತಾರೆ" ಎಂದರು. ಐದೂವರೆ ವರ್ಷ ಓದಿದವನ ಎದುರು ಆಡುವ ಮಾತೇ ಇದು?

ಅಲ್ಲಿಂದ ನನ್ನ ಇಳಿಗಾಲ ಶುರುವಾಯಿತು. ಬಾಗಿಲಲ್ಲಿ ಇಣುಕಿದವರು "ಡಾಕ್ಟ್ರು ಅವ್ರಾ?" ಎಂದು ಕೇಳುವುದನ್ನು ಬಿಟ್ಟು "ಅಮ್ಮ ಅವ್ರಾ?" ಎಂದು ಕೇಳತೊಡಗಿದರು. ವಿಶಾಲಾಕ್ಷಿ ಒಮ್ಮೆ ತಂಗಿಯ ಮನೆಗೆಂದು ತಿಪಟೂರಿಗೆ ಹೋಗಿದ್ದಳು. ಅವತ್ತು ಬಂದವರೆಲ್ಲ ಖಾಲಿ ಕುರ್ಚಿ ನೋಡಿ, "ಅಂಥಾ ಅರ್ಜೆಂಟೇನಿಲ್ಲ, ನಾಳೆ ಬತ್ತೀವಿ" ಎಂದು ಹೊರಟರು. ಅವರಲ್ಲೊಬ್ಬರು ಚೇಳು ಕಚ್ಚಿಸಿಕೊಂಡು ಬಂದಿದ್ದರು. ಅವರನ್ನು ಮಾತ್ರ ನಾನು ಓಡಿಹೋಗಿ ರಟ್ಟೆ ಹಿಡಿದು ಕರೆತಂದು ಮಲಗಿಸಿ ಇಂಜೆಕ್ಷನ್ ಕೊಟ್ಟೆ. ನೋವು ಇಳಿದ ಮೇಲೂ ಅವರು "ಅಮ್ಮ ಬಂದ್ಮೇಲೆ ಒಂದ್ಸಲ ಒತ್ತಿಸಿಬಿಡಿ" ಎಂದು ನನಗೇ ಶಿಫಾರಸು ಹೇಳಿ ಹೋದರು. ಒಮ್ಮೆ ವಿಶಾಲಾಕ್ಷಿ ಆಕಳಿಸುವ ಸಮಯ ನೋಡಿ ನಾನೇ ಗಬಕ್ಕನೆ ಬಟನ್ ಒತ್ತಿಬಿಟ್ಟೆ. ಎದುರಿಗೆ ಕೂತಿದ್ದ ಹೆಂಗಸು "ಅಯ್ಯೋ, ಕೆಡಿಸಿಬಿಟ್ರಲ್ಲ!" ಎಂದು ಚೀರಿದರು. ಅದನ್ನು ರದ್ದು ಮಾಡಿ, ಅವಳ ಕೈಯಲ್ಲಿ ಮತ್ತೆ ಒತ್ತಿಸಿದ ಮೇಲೇ ಅವರು ಎದ್ದದ್ದು. ನನಗೆ ನಿಜಕ್ಕೂ ಬೇಜಾರಾಯಿತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು, ಆದರೆ ಪಟ್ಟೆ, ಚೆನ್ನಾಗಿಯೇ ಪಟ್ಟೆ. ಕೈಗುಣ ಇಲ್ಲದ ಡಾಕ್ಟರನಾಗಿ ಈ ಊರಿನಲ್ಲಿ ನಾನು ಯಾರು ಎಂಬ ಯೋಚನೆಯಲ್ಲಿ ಎರಡು ದಿನ ಮುದ್ದೆಯೂ ಸೇರಲಿಲ್ಲ.

ಈ ದುಃಖವನ್ನು ಹೇಳಿಕೊಳ್ಳಲು ಸಿಕ್ಕಿದವರು ಷಡಕ್ಷರಪ್ಪ. ಕೊಬ್ಬರಿ ವರ್ತಕರು, ಹಣೆ ತುಂಬ ವಿಭೂತಿ, ಲೋಕಾನುಭವಿ. ಬಿಪಿ ನೋಡಿಸಲು ಬರುತ್ತಾರೆ. ಅವರಾದರೂ ನನ್ನ ಪರ ಇರುತ್ತಾರೆಂದು, "ನೀವೇ ಹೇಳಿ ಷಡಕ್ಷರಪ್ಪನೋರೇ, ಗುಣ ಮಾಡೋದು ಔಷಧಿಯೋ ಬಟನ್ನೋ?" ಎಂದು ಕೇಳಿದೆ.

"ನೋಡಿ ಡಾಕ್ಟ್ರೇ," ಎಂದರು ಅವರು, ಬಿಪಿ ಪಟ್ಟಿಯಿಂದ ತೋಳು ಬಿಡಿಸಿಕೊಳ್ಳುತ್ತ. "ನಮ್ಮಪ್ಪನ ಕಾಲದಲ್ಲಿ ದನದ ವ್ಯಾಪಾರ ಅಂದ್ರೆ ಟವಲ್ ಕೆಳಗೆ ಕೈ ಕೈ ಹಿಡಿದು ಬೆರಳಲ್ಲೇ ರೇಟು. ಕೈ ಹಿಡಿದ್ರೇ ಗೊತ್ತಾಗೋದು, ಮನುಷ್ಯ ಎಂಥವನು ಅಂತ. ಈಗ ಕೊಬ್ಬರಿ ಮಂಡಿಯಲ್ಲಿ ನಾನು ಹರಾಜಿಗೆ ರೇಟು ಹಾಕೋದೂ ಕಂಪ್ಯೂಟರಲ್ಲೇ. ಬಟನ್ನು ಒಂದೇ ಅಲ್ವೇ, ಯಾರು ಒತ್ತಿದ್ರೂ ಆಗ್ಬೇಕು. ಆದ್ರೆ ನಾನು ಒತ್ತಿದ ದಿನ ಮಾಲು ಸಿಕ್ಕಲ್ಲ ಕಣ್ರೀ. ನನ್ನ ಸೊಸೆ ಒತ್ತಿದ್ರೆ ಸಿಕ್ತದೆ. ವಾದ ಮಾಡಿ ಏನು ಪ್ರಯೋಜನ? ನಾನು ಸೊಸೆ ಕೈಲೇ ಒತ್ತಿಸ್ತೀನಿ, ನೀವು ಮನೆಯೋರ ಕೈಲಿ ಒತ್ತಿಸಿ." ಹೀಗೆ ಸಮಾಧಾನ ಹೇಳಿ, ಸೀದಾ ವಿಶಾಲಾಕ್ಷಿಯತ್ತ ತಿರುಗಿ, "ಅಮ್ಮಾ, ಬರೋ ವಾರ ನಮ್ಮ ಹೊಸ ತೋಟಕ್ಕೆ ಮೊದಲನೇ ಸಸಿ ನಿಮ್ಮ ಕೈಯಿಂದಲೇ ಆಗಬೇಕು" ಎಂದು ಕೈ ಮುಗಿದರು. ನಾನೂ ಹೋಗಿದ್ದೆ. ಅವಳು ಸಸಿ ನೆಟ್ಟಳು. ನಾನು ದೂರದ ತೊಟ್ಟಿಯಿಂದ ಬಿಂದಿಗೆಯಲ್ಲಿ ನೀರು ತಂದು ಹಾಕಿದೆ.

ಪ್ರೋತ್ಸಾಹಧನ ಮಂಜೂರು ಮಾಡುವ ಮುಂಚೆ ಅದೇ ಬೂಟಿನ ಅಧಿಕಾರಿ ಪರಿಶೀಲನೆಗೆ ಬಂದರು. ಎಲ್ಲ ನೋಡಿ, ತಾಲ್ಲೂಕಿಗೇ ಮಾದರಿ ಎಂದು ನನ್ನ ಬೆನ್ನು ತಟ್ಟಿದರು. ಬಹಳ ದಿನದ ಮೇಲೆ ಯಾರೋ ನನ್ನನ್ನು ಹೊಗಳುತ್ತಿದ್ದರು. ಕಣ್ಣು ತುಂಬಿ ಬರುವುದರಲ್ಲಿತ್ತು. ಹೊರಡುವ ಮುಂಚೆ ಅವರು ದನಿ ತಗ್ಗಿಸಿ, "ಸಾರ್, ನನಗೂ ಈ ಎದೆಯುರಿ ಬಿಡ್ತಾ ಇಲ್ಲ. ಒಂದು ಚೀಟಿ ಮಾಡಿಬಿಡಿ" ಎಂದರು. ಖುಷಿಯಿಂದ ಪರೀಕ್ಷೆ ಮಾಡಿ, ನಾನೇ ಟೈಪು ಮಾಡಿ, ಬೆರಳೆತ್ತಿದೆ. "ಒಂದ್ನಿಮಿಷ ಸಾರ್," ಎಂದು ಅಧಿಕಾರಿ ನನ್ನ ಕೈ ತಡೆದು ಬಾಗಿಲ ಕಡೆ ನೋಡಿದರು. "ಹೊರಗೆ ಬೆಂಚಿನ ಮೇಲೆ ಜನ ಹೇಳ್ತಾ ಇದ್ರು. ಮೇಡಂ ಇಲ್ವಾ?"

ಅಂತೂ ದುಡ್ಡು ಬಂತು. ಕೊಟ್ಟ ಮಾತಿನಂತೆ ಕ್ಲಿನಿಕ್ಕಿಗೆ ಬೀಗ ಹಾಕಿ ಕಾರು ಮಾಡಿಕೊಂಡು ಹೊರಟೆವು. ಬೇಲೂರು ನೋಡಿದೆವು. ನೆಂಟರಿಗೆ ಇಷ್ಟು ವರ್ಷ ಹೇಳುತ್ತಿದ್ದ ಶಿಲಾಬಾಲಿಕೆಗಳನ್ನು ನಾವೂ ಕತ್ತೆತ್ತಿ ನೋಡಿದೆವು. ಅವುಗಳಲ್ಲಿ ಒಂದು ನಾನು ಹೇಳುತ್ತಿದ್ದ ಕಡೆ ಇರಲೇ ಇಲ್ಲ. ವಿಶಾಲಾಕ್ಷಿ ಹುಡುಗಿಯಂತೆ ಓಡಾಡಿದಳು. ಹೋಟೆಲಿನಲ್ಲಿ ಊಟ ಮಾಡಿದೆವು. ಅಲ್ಲಿಯ ಮೆಣಸಿನಕಾಯಿ ಬಜ್ಜಿಯನ್ನು ಆತುರದಲ್ಲಿ ನುಂಗಿದೆನೋ ಏನೋ, ಹಳೇಬೀಡಿನ ದೇವಸ್ಥಾನದ ಎದುರು ಹುಲ್ಲಿನ ಮೇಲೆ ಕೂರುವ ಹೊತ್ತಿಗೆ ನನಗೆ ಬಿಕ್ಕಳಿಕೆ ಶುರುವಾಯಿತು.

ಎಂಥ ಬಿಕ್ಕಳಿಕೆ! ಪಕ್ಕದಲ್ಲಿ ಕೂತಿದ್ದ ಪ್ರವಾಸಿಗಳು ದೊಡ್ಡ ನಂದಿಯನ್ನು ಬಿಟ್ಟು ನನ್ನನ್ನು ನೋಡತೊಡಗಿದರು. ಉಸಿರು ಬಿಗಿ ಹಿಡಿದೆ. ನೀರು ಕುಡಿದೆ. ಸಕ್ಕರೆ ಇಲ್ಲದ್ದಕ್ಕೆ ಪೇಡ ತಿಂದೆ. ವಿಶಾಲಾಕ್ಷಿ ಕಂಬದ ಹಿಂದಿನಿಂದ ಹಾರಿ ಹೆದರಿಸಿದಳು, ಹೆದರಿದ್ದು ಕಾವಲುಗಾರ. ಇದು ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಹೋಗಲಿಲ್ಲ. ಹೊತ್ತು ಇಳಿಯುತ್ತ ಬಂತು, ಎದೆ ನೋಯತೊಡಗಿತು, ಕಾರಿನವನು ಹಾರ್ನು ಹೊಡೆಯುತ್ತಿದ್ದ. ಕೊನೆಗೆ ಆಚೆ ಈಚೆ ನೋಡಿದೆ. ನಮ್ಮ ಊರಿನವರು ಯಾರೂ ಕಾಣಲಿಲ್ಲ. ಜೇಬಿನಿಂದ ಫೋನು ತೆಗೆದು, ಅದರಲ್ಲೂ ಹಾಕಿಸಿಕೊಂಡಿದ್ದ ಚೀಟಿ ಮಾಡುವ ಆ ಸಾಫ್ಟ್‌ವೇರು ತೆರೆದು, ರೋಗಿಯ ಹೆಸರಿನ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿ, ಒಂದು ಮಾತ್ರೆ ಬರೆದು, ಫೋನನ್ನು ಹೆಂಡತಿಯ ಮುಂದೆ ಹಿಡಿದೆ.

"ಏನ್ರೀ ಇದು?"

"ಏನಿಲ್ಲ... ಹಿಕ್... ಸುಮ್ನೆ ಒಂದ್ಸಲ... ಹಿಕ್... ಒತ್ತೇ."

ಅವಳು ನನ್ನ ಮುಖ ನೋಡಿದಳು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು ಟಣ್ ಎಂದು ಒತ್ತಿದಳು.

ನಾವಿಬ್ಬರೂ ಸುಮ್ಮನೆ ಕಾದೆವು. ಹಾರ್ನೂ ನಿಂತಿತ್ತು. ಇನ್ನೊಂದು ಹಿಕ್ ಬರಲಿಲ್ಲ. ಮಾತ್ರೆ ಇನ್ನೂ ಯಾವುದೋ ಅಂಗಡಿಯ ಕಪಾಟಿನಲ್ಲಿತ್ತು. ಬಿಕ್ಕಳಿಕೆ ತಾನಾಗಿಯೇ ನಿಲ್ಲುವಂಥದ್ದು, ಇದರಲ್ಲಿ ಯಾರ ಕೈಯದೂ ಏನೂ ಇಲ್ಲ, ಇದನ್ನು ಅವಳಿಗೆ ಈಗಲೇ ವೈಜ್ಞಾನಿಕವಾಗಿ ತಿಳಿಸಿಬಿಡಬೇಕು ಎಂದು ಬಾಯಿ ತೆರೆದೆ. ಆಗ ವಿಶಾಲಾಕ್ಷಿಯೇ ಮೆಲ್ಲಗೆ, "ರೀ, ಫೋನು ಕೆಳಗಿಳಿಸಿ, ಜನ ನೋಡ್ತಿದ್ದಾರೆ" ಎಂದಳು. ನೋಡಿಕೊಂಡೆ. ಯಾವಾಗ ಎತ್ತಿದೆನೋ ಗೊತ್ತಿಲ್ಲ, ಎರಡೂ ಕೈಯಲ್ಲಿ ಫೋನು ಹಿಡಿದು ಕಣ್ಣಿಗೊತ್ತಿಕೊಂಡು ಕೂತಿದ್ದೆ.